ಬಾಲ್ಕನಿ ತೋಟ, ಭಾನುವಾರ ಬೆಳಿಗ್ಗೆ ಮತ್ತು ಡೆಂಗಿ ಸೊಳ್ಳೆ

ಮುಂಬೈ, ಪುಣೆ, ಚೆನ್ನೈನ ಫ್ಲ್ಯಾಟುಗಳಲ್ಲಿರುವ ನಮಗೆ ಹಿತ್ತಲು ಅಂದರೆ ಬಾಲ್ಕನಿಯ ಗ್ರಿಲ್ಲು ಅಷ್ಟೆ. ಅಲ್ಲೇ ಒಂದು ತುಳಸಿ, ಒಂದು ಕರಿಬೇವು, ತಂಬುಳಿಗೆ ನಾಲ್ಕು ಎಲೆ ಸಿಗಲಿ ಅಂತ ದೊಡ್ಡಪತ್ರೆ. ಕೆಳಗಿನ ಮನೆಯವರ ಒಗೆದ ಬಟ್ಟೆಯ ಮೇಲೆ ನೀರು ಸುರಿದು ಜಗಳವಾಗದಿರಲಿ ಎಂದು ಪ್ರತಿ ಕುಂಡದಡಿ ಒಂದು ತಟ್ಟೆ. ತೊಂದರೆ ಇರುವುದು ಆ ತಟ್ಟೆಯಲ್ಲಿ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಗಟಾರದ ಕೊಳಕು ನೀರು ಬೇಕಿಲ್ಲ. ತಟ್ಟೆಯಲ್ಲಿ ನಿಂತ ತಿಳಿನೀರು, ಮನಿಪ್ಲಾಂಟ್ ಇಟ್ಟ ಬಾಟಲಿ, ಮೂಲೆಯಲ್ಲಿ ಮರೆತ ಬಕೆಟ್ಟು ಇಷ್ಟೇ ಸಾಕು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಮೊಟ್ಟೆಗಳು ನೀರಿನ ಅಂಚಿಗೆ, ತಟ್ಟೆಯ ಒಳಬದಿಗೆ ಅಂಟಿಕೊಂಡಿರುತ್ತವೆ. ತಟ್ಟೆ ಒಣಗಿದರೂ ತಿಂಗಳುಗಟ್ಟಲೆ ಹಾಗೇ ಇದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ನಾರಿನಿಂದ ತಿಕ್ಕಿ ತೊಳೆಯಬೇಕು.

ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಲೋಕಲ್ ಟ್ರೈನ್ ಹಿಡಿಯುವ ಮನೆಯಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನಬಹುದು. ದಿನಾ ಬೇಡ. ಸೊಳ್ಳೆಯ ಲೆಕ್ಕವೇ ಒಂದು ವಾರದ್ದಾದ್ದರಿಂದ ಭಾನುವಾರ ಬೆಳಿಗ್ಗೆ ಒಮ್ಮೆ ತಿಕ್ಕಿದರೆ ಸಾಕು. ಎಷ್ಟು ಕುಂಡಗಳನ್ನು ವಾರವಾರ ಎತ್ತಿ ತೊಳೆಯಲು ಆಗುತ್ತದೋ ಅಷ್ಟೇ ಇಟ್ಟುಕೊಳ್ಳಿ. ಯೂಟ್ಯೂಬ್ ನೋಡಿ ನಲವತ್ತು ಕುಂಡ ತಂದರೆ ಆ ಕೆಲಸ ಕೊನೆಗೆ ಮನೆಯ ಹೆಂಗಸರ ಅಥವಾ ಊರಿಂದ ಬಂದ ಅಜ್ಜಿಯ ತಲೆಗೇ ಬರುತ್ತದೆ. ಮಕ್ಕಳ ಕೈಗೆ ಟಾರ್ಚ್ ಕೊಟ್ಟು ನೀರಲ್ಲಿ ನುಲಿಯುವ ಮರಿಗಳನ್ನು ಹುಡುಕಲು ಹೇಳಿ, ಕಾರ್ಟೂನ್ ಬಿಟ್ಟು ಬರುತ್ತಾರೆ! ತಟ್ಟೆಗೆ ಮರಳು ತುಂಬಿಸಿಟ್ಟರೆ ನೀರು ನಿಲ್ಲುವುದೇ ಇಲ್ಲ, ಕೆಲಸ ಇನ್ನೂ ಹಗುರ.

ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಗಿಡಕ್ಕೆ ನೀರು ಹಾಕಲು ಹೋಗುವವರು ಮೈತುಂಬ ಬಟ್ಟೆ ತೊಟ್ಟಿರಲಿ. ಮುಂಬೈ, ಪುಣೆಯವರಿಗೆ ಜೂನ್‌ನಿಂದಲೇ ಎಚ್ಚರ ಬೇಕು; ಚೆನ್ನೈನಲ್ಲಿ ದೊಡ್ಡ ಮಳೆ ಅಕ್ಟೋಬರ್ ನಂತರ.

ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಬಂದರೆ ವೈದ್ಯರ ಬಳಿ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಆಸ್ಪಿರಿನ್, ಐಬುಪ್ರೊಫೇನ್ ಮಾತ್ರ ನೀವಾಗಿಯೇ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪರಂಗಿ ಎಲೆ ರಸ ಕುಡಿಸಿ ಮನೆಯಲ್ಲೇ ಕಾಯುತ್ತ ಕೂರುವುದೂ ಬೇಡ. ಜ್ವರ ಇಳಿಯಿತು ಅಂತ ನಿರಾಳವಾಗಿ ಆಫೀಸಿಗೆ ಹೊರಡುವವರು ಬಹಳ. ಆದರೆ ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ತೀರಾ ಸುಸ್ತು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ.

ಇನ್ನೊಂದು ಮಾತು, ಗಣೇಶನ ಹಬ್ಬಕ್ಕೋ ದಸರೆಗೋ ಹತ್ತು ದಿನ ಊರಿಗೆ ಹೋಗುವವರಿಗೆ. ಪಕ್ಕದ ಮನೆಯವರು ಪ್ರೀತಿಯಿಂದ ದಿನಾ ನೀರು ಹಾಕುತ್ತಾರೆ, ತಟ್ಟೆ ನೋಡುವವರು ಯಾರೂ ಇರುವುದಿಲ್ಲ. ಹೊರಡುವ ಮುನ್ನ ತಟ್ಟೆಗಳನ್ನೆಲ್ಲ ತೆಗೆದು ತಿಕ್ಕಿ ಬೋರಲು ಹಾಕಿ, ಕುಂಡಗಳನ್ನು ಬಚ್ಚಲಮನೆಯಲ್ಲಿ ಸಾಲಾಗಿ ಇಟ್ಟು ಕೀಲಿ ಕೊಟ್ಟು ಹೋಗಿ. ನೀರು ತಾನಾಗಿ ಮೋರಿಗೆ ಹರಿದುಹೋಗುತ್ತದೆ.