ಒಂದು ಡಾಲರಿನ ಕರಾರು

ಹವ್ಯಾಸಿ ಎಂಬ ಶಬ್ದಕ್ಕೆ ನಮ್ಮಲ್ಲಿ ಒಂದು ಮರ್ಯಾದೆ ಉಂಟು. ವೃತ್ತಿ ನಾಟಕ ಕಂಪನಿ, ಹವ್ಯಾಸಿ ನಾಟಕ ಮಂಡಳಿ ಎಂದು ಎರಡನ್ನೂ ಒಟ್ಟಿಗೆ ಹೇಳುವಾಗ, ಟಿಕೀಟು ಮಾರಿ ಹೊಟ್ಟೆ ಹೊರೆಯುವವರದಕ್ಕಿಂತ ಸಂಜೆಯ ಬಿಡುವಿನಲ್ಲಿ ಬಣ್ಣ ಹಚ್ಚಿಕೊಳ್ಳುವವರದು ಒಂದು ತೂಕ ಹೆಚ್ಚಿನ ಕಲೆಯೆಂಬ ಭಾವ ವಿದ್ಯಾವಂತರ ಮಾತಿನಲ್ಲಿ ತಾನೇ ತಾನಾಗಿ ಇಣುಕುತ್ತದೆ. ಟೆನಿಸ್ ಆಟವೂ ಬಹುಕಾಲ ಈ ಭಾವದ ಆಶ್ರಯದಲ್ಲಿಯೇ ಬೆಳೆಯಿತು. ಬಹಿರಂಗವಾಗಿ ಹಣ ಪಡೆದು ಆಡಿದವರಿಗೆ ವಿಂಬಲ್ಡನ್ನಿನ ಬಾಗಿಲು ಮುಚ್ಚಿತ್ತು. 1926ರಲ್ಲಿ ಫ್ರಾನ್ಸಿನ ಸೂಝನ್ ಲೆಂಗ್ಲೆನ್ ಸಂಭಾವನೆಗೆ ಒಪ್ಪಿ ಅಮೆರಿಕದಲ್ಲಿ ಪಂದ್ಯಗಳನ್ನಾಡಲು ಹೊರಟಾಗ, ಆರು ಬಾರಿ ಅಲ್ಲಿ ಗೆದ್ದಿದ್ದ ಆಕೆಗೂ ಅದು ಮುಚ್ಚಿತು. ಆಡಿಸುವ ಸಂಘಗಳು ಮಾತ್ರ ಟಿಕೀಟು ಮಾರುವುದನ್ನು ಬಿಟ್ಟಿರಲಿಲ್ಲ. ‘ಖರ್ಚಿನ ಬಾಬ್ತು’ ಎಂದು ಮರೆಯಲ್ಲಿ ಆಟಗಾರರ ಕೈಗೆ ತುರುಕುವ ಹಣವಂತೂ ಲೋಕವೆಲ್ಲ ಬಲ್ಲ ಗುಟ್ಟಾಗಿತ್ತು.

1968ರಲ್ಲಿ ಈ ಸೋಗು ಕಳಚಿತು. ವೃತ್ತಿಪರರೂ ಹವ್ಯಾಸಿಗಳೂ ಒಂದೇ ಅಂಗಳದಲ್ಲಿ ಆಡಬಹುದೆಂದಾಯಿತು. ಅದುವರೆಗೆ ಮರೆಯಲ್ಲಿದ್ದ ಹಣ ಬೆಳಕಿಗೆ ಬಂತು. ಬಂದೊಡನೆ ಅದರ ಪಂಕ್ತಿಭೇದವೂ ಕಂಡಿತು. ಆ ವರ್ಷದ ವಿಂಬಲ್ಡನ್ನಿನಲ್ಲಿ ಪುರುಷರ ಪೈಕಿ ಗೆದ್ದ ರಾಡ್ ಲೇವರ್ ಪಡೆದದ್ದು 2,000 ಪೌಂಡು. ಸ್ತ್ರೀಯರಲ್ಲಿ ಗೆದ್ದ ಬಿಲ್ಲೀ ಜೀನ್ ಕಿಂಗ್ ಪಡೆದದ್ದು 750. ಮುಂದೆ ಈ ಅಂತರ ಕುಗ್ಗುವುದಕ್ಕೆ ಬದಲು ಹಿಗ್ಗಿತು. 1970ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲಿಸ್ ನಗರದ ಪೆಸಿಫಿಕ್ ಸೌತ್‌ವೆಸ್ಟ್ ಪಂದ್ಯಾವಳಿಯವರು ಪುರುಷ ವಿಜೇತನಿಗೆ 12,500 ಡಾಲರ್, ಸ್ತ್ರೀ ವಿಜೇತೆಗೆ 1,500 ಡಾಲರ್ ಎಂದು ಪ್ರಕಟಿಸಿದರು. ಕ್ವಾರ್ಟರ್ ಫೈನಲ್ ತಲುಪದ ಸ್ತ್ರೀಯರಿಗೆ ಬಿಡಿಗಾಸೂ ಇಲ್ಲ. ಪಂದ್ಯಾವಳಿಯ ಸೂತ್ರಧಾರರಾಗಿದ್ದ ಜ್ಯಾಕ್ ಕ್ರೇಮರ್ ತಾವೇ ಹಿಂದೆ ವಿಂಬಲ್ಡನ್ ಗೆದ್ದವರು. ಆಟಗಾರನ ಶ್ರಮಕ್ಕೆ ಬೆಲೆ ಬರಬೇಕೆಂದು ವೃತ್ತಿಪರ ಟೆನಿಸನ್ನು ಕಟ್ಟಿದವರಲ್ಲಿ ಮುಖ್ಯರು. ಅಂಥವರು ಈ ಲೆಕ್ಕ ಬರೆದರೆಂಬುದೇ ಇಲ್ಲಿಯ ವಿಪರ್ಯಾಸ.

ಬಿಲ್ಲೀ ಜೀನ್, ರೋಸಿ ಕಸಾಲ್ಸ್, ನ್ಯಾನ್ಸಿ ರಿಚಿ ಮೊದಲಾದವರು ಗ್ಲ್ಯಾಡಿಸ್ ಹೆಲ್ಡ್‌ಮನ್ ಅವರಲ್ಲಿಗೆ ಹೋದರು. ಈಕೆ ‘ವರ್ಲ್ಡ್ ಟೆನಿಸ್’ ಮಾಸಪತ್ರಿಕೆಯ ಸ್ಥಾಪಕಿ, ಸಂಪಾದಕಿ. ಎಂಟು ಬಾಗಿಲು ತಟ್ಟಿ ಒಂದನ್ನಾದರೂ ತೆರೆಸಬಲ್ಲ ಗಟ್ಟಿಗಿತ್ತಿ. ಕ್ರೇಮರರ ಮನಸ್ಸು ಕರಗದಿದ್ದಾಗ, ಅದೇ ವಾರ ಟೆಕ್ಸಸ್ಸಿನ ಹ್ಯೂಸ್ಟನ್ ರ‍್ಯಾಕೆಟ್ ಕ್ಲಬ್ಬಿನಲ್ಲಿ ಸ್ತ್ರೀಯರದೇ ಒಂದು ಪಂದ್ಯಾವಳಿಯನ್ನು ಹೂಡಿದರು. ಕೂಡಿಸಿದ ಬಹುಮಾನದ ಮೊತ್ತ 7,500 ಡಾಲರ್. ಅಮೆರಿಕದ ಲಾನ್ ಟೆನಿಸ್ ಸಂಘ ಇದಕ್ಕೆ ಒಪ್ಪಿಗೆ ಕೊಡಲಿಲ್ಲ. ಆಡಿದವರನ್ನು ಅಮಾನತುಗೊಳಿಸುವುದಾಗಿ ಗದರಿತು.

ಆಗ ಗ್ಲ್ಯಾಡಿಸ್ ಹೂಡಿದ ಉಪಾಯ ಸರಳವಾದುದು. ಸೆಪ್ಟೆಂಬರ್ 23ರಂದು ಆಟಗಾರ್ತಿಯರು ಅವರೊಡನೆ ಒಂದೊಂದು ಡಾಲರಿಗೆ ಕರಾರು ಬರೆದುಕೊಟ್ಟರು. ಆ ಒಂದು ಡಾಲರಿನಿಂದ ಅವರು ಕರಾರುಬದ್ಧ ವೃತ್ತಿಪರರಾದರು. ಸಹಿ ಹಾಕಿದವರು ಒಂಬತ್ತು ಮಂದಿ: ಮೇಲೆ ಹೆಸರಿಸಿದ ಮೂವರಲ್ಲದೆ ಪೀಚಸ್ ಬಾರ್ಟ್‌ಕೊವಿಚ್, ಕ್ರಿಸ್ಟಿ ಪಿಜನ್, ವ್ಯಾಲರಿ ಝೀಗನ್‌ಫಸ್, ಗ್ಲ್ಯಾಡಿಸರ ಮಗಳು ಜೂಲಿ ಹೆಲ್ಡ್‌ಮನ್; ಆಸ್ಟ್ರೇಲಿಯದ ಜೂಡಿ ಡಾಲ್ಟನ್ ಮತ್ತು ಕೆರಿ ಮೆಲ್ವಿಲ್. ಡಾಲರ್ ನೋಟನ್ನು ಎತ್ತಿ ಹಿಡಿದು ಅವರು ತೆಗೆಸಿಕೊಂಡ ಭಾವಚಿತ್ರ ಇಂದಿಗೂ ಅಚ್ಚಾಗುತ್ತಿರುತ್ತದೆ. ಅದರಲ್ಲಿ ಒಂಬತ್ತು ಮುಖಗಳಿವೆ, ನಿಜ. ಆದರೆ ಒಂಬತ್ತನೆಯದು ಗ್ಲ್ಯಾಡಿಸರದು. ಗಾಯಗೊಂಡು ಆಡಲಾಗದಿದ್ದ ಜೂಲಿ, ಉಳಿದವರಿಗೆ ಬಂದದ್ದು ತನಗೂ ಬರಲಿ ಎಂದು ಆಮೇಲೆ ಸಹಿ ಹಾಕಿದವರು.

ಈ ಸಹಿಯ ಬೆಲೆಯನ್ನು ಅಂದಿನ ಕಣ್ಣಿನಿಂದಲೇ ಅಳೆಯಬೇಕು. ಅದೇ ವರ್ಷ ನಾಲ್ಕು ಮಹಾಪಂದ್ಯಾವಳಿಗಳನ್ನೂ ಗೆದ್ದಿದ್ದ ಮಾರ್ಗರೆಟ್ ಕೋರ್ಟ್ ಈ ಗುಂಪಿನಲ್ಲಿರಲಿಲ್ಲ. ಹೆಸರಾಂತವರು ಕೆಲವರೇ; ಉಳಿದವರು ಇನ್ನೂ ಹೆಸರು ಮಾಡಬೇಕಾದ ಎಳೆಯರು. ವಿಂಬಲ್ಡನ್ ಮೊದಲಾದ ಕಡೆ ಮತ್ತೆ ಕಾಲಿಡಲು ಬಿಡುವರೋ ಇಲ್ಲವೋ ಯಾರಿಗೆ ಗೊತ್ತಿತ್ತು? ಹದಿಹರೆಯದಿಂದ ಕಟ್ಟಿಕೊಂಡ ಬಾಳನ್ನೇ ಅವರು ಆ ಕಾಗದದ ಮೇಲೆ ಇಟ್ಟರು.

ಮತ್ತೆ ಆಟ. ಕರಾರಿನ ಕಥೆ ಹೇಳುವವರು ಆಟವನ್ನೇ ಮರೆಯುವುದುಂಟು. ಅಂತಿಮ ಪಂದ್ಯ ರೋಸಿ ಕಸಾಲ್ಸ್ ಮತ್ತು ಜೂಡಿ ಡಾಲ್ಟನ್ ಅವರಿಗೆ ನಡೆಯಿತು. ರೋಸಿ ಎಲ್ ಸಾಲ್ವಡೋರಿನಿಂದ ವಲಸೆ ಬಂದವರ ಮಗಳು. ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಅಂಗಳಗಳಲ್ಲಿ ಆಟ ಕಲಿತವಳು. ಐದಡಿಯ ಮೇಲೆ ಎರಡಂಗುಲದ ಆಳು. ಟೆನಿಸಿನಲ್ಲಿ ಎತ್ತರವೇ ಅರ್ಧ ಬಂಡವಾಳ. ಆಕೆ ಆ ಕೊರತೆಯನ್ನು ಕಾಲಿನ ಚುರುಕಿನಿಂದಲೂ ಬಲೆಯ ಬಳಿಗೆ ನುಗ್ಗುವ ಎದೆಗಾರಿಕೆಯಿಂದಲೂ ತುಂಬಿಕೊಂಡಳು. ಮೊದಲ ಸೆಟ್ಟನ್ನು 5–7ರಿಂದ ಕಳೆದುಕೊಂಡು, ಎರಡನೆಯದನ್ನು 6–1ರಿಂದ ಹೊಡೆದುಕೊಂಡು, ಮೂರನೆಯದನ್ನು 7–5ರವರೆಗೆ ಎಳೆದು ಗೆದ್ದಳು. ಬಹುಮಾನ 1,600 ಡಾಲರ್. ಲಾಸ್ ಏಂಜಲಿಸ್ಸಿನವರು ಸ್ತ್ರೀ ವಿಜೇತೆಗೆ ಕೊಡುತ್ತೇವೆಂದದ್ದಕ್ಕಿಂತ ನೂರು ಡಾಲರ್ ಹೆಚ್ಚು!

ಇಷ್ಟು ಹೇಳಿ ಹಣದ ಮೂಲವನ್ನು ಹೇಳದಿದ್ದರೆ ಅನ್ಯಾಯವಾದೀತು. 7,500ರಲ್ಲಿ 2,500 ಡಾಲರ್ ಕೊಟ್ಟವರು ಫಿಲಿಪ್ ಮಾರಿಸ್ ಎಂಬ ಸಿಗರೇಟು ಕಂಪನಿಯವರು. ಅವರ ಮುಖ್ಯಸ್ಥ ಜೋಸೆಫ್ ಕಲ್‌ಮನ್ ಗ್ಲ್ಯಾಡಿಸರ ಸ್ನೇಹಿತ. ಸ್ತ್ರೀಯರಿಗೆಂದೇ 1968ರಲ್ಲಿ ಹೊರತಂದಿದ್ದ ‘ವರ್ಜೀನಿಯ ಸ್ಲಿಮ್ಸ್’ ಸಿಗರೇಟಿನ ಹೆಸರನ್ನು ಪಂದ್ಯಾವಳಿಗೂ ಇಟ್ಟರು. ಆ ವರ್ಷವೇ ಅಮೆರಿಕದಲ್ಲಿ ರೇಡಿಯೋ, ಟೆಲಿವಿಷನ್‌ಗಳಲ್ಲಿ ಸಿಗರೇಟಿನ ಜಾಹೀರಾತನ್ನು ನಿಷೇಧಿಸುವ ಶಾಸನವಾಗಿತ್ತು; ಅದು 1971ರ ಜನವರಿ 2ರಂದು ಜಾರಿಗೆ ಬಂತು. ಜಾಹೀರಾತಿನ ಹಣಕ್ಕೆ ಬೇರೆ ಹಾದಿ ಬೇಕಾಗಿತ್ತು. ಸ್ತ್ರೀಯರ ಟೆನಿಸಿಗೆ ಹಣ ಬೇಕಾಗಿತ್ತು. ಉಸಿರೇ ಬಂಡವಾಳವಾದ ಆಟಕ್ಕೆ ಉಸಿರು ಕೆಡಿಸುವ ಪದಾರ್ಥ ಪೋಷಕವಾದದ್ದು ಹೀಗೆ. ಆಟಗಾರ್ತಿಯರನ್ನು ಇದಕ್ಕಾಗಿ ದೂಷಿಸುವ ಮನಸ್ಸು ನನಗಿಲ್ಲ. ಮೈ ಕೆಡಿಸದ ಸರಕಿನ ವ್ಯಾಪಾರಿಗಳೂ ಅಂದು ಊರಲ್ಲಿದ್ದರಷ್ಟೆ. ಅವರ ಕೈ ಮುಂದೆ ಬರಲಿಲ್ಲ. ಆದರೂ ಆ ಸಿಗರೇಟನ್ನು ಬಿಡುಗಡೆಯ ಬಾವುಟವೆಂದು ಎಷ್ಟು ಹೆಣ್ಣುಮಕ್ಕಳು ಕೈಗೆತ್ತಿಕೊಂಡರೋ ಎಂಬ ಪ್ರಶ್ನೆ ಈ ಕಥೆಯನ್ನು ಬಿಟ್ಟು ಹೋಗುವುದಿಲ್ಲ.

ಮುಂದಿನದು ವೇಗವಾಗಿ ನಡೆಯಿತು. 1971ರಲ್ಲಿ ಸ್ತ್ರೀಯರ ಪಂದ್ಯಾವಳಿಗಳ ಸರಣಿಯೇ ಹುಟ್ಟಿತು. ಆ ವರ್ಷ ಬಿಲ್ಲೀ ಜೀನ್ ಲಕ್ಷ ಡಾಲರಿಗೆ ಮೀರಿ ಗಳಿಸಿದಾಗ ಅಧ್ಯಕ್ಷ ನಿಕ್ಸನ್ ದೂರವಾಣಿಯಲ್ಲಿ ಅಭಿನಂದಿಸಿದರು. 1973ರ ಜೂನಿನಲ್ಲಿ ಲಂಡನ್ನಿನ ಗ್ಲಾಸ್ಟರ್ ಹೋಟೆಲಿನಲ್ಲಿ ಆಟಗಾರ್ತಿಯರು ಸೇರಿ ತಮ್ಮ ಸಂಘವನ್ನು ಕಟ್ಟಿಕೊಂಡರು. ತೀರ್ಮಾನವಾಗುವ ಮೊದಲು ಯಾರೂ ಎದ್ದು ಹೋಗದಂತೆ ಡಚ್ ಆಟಗಾರ್ತಿ, ಆಜಾನುಬಾಹು ಬೆಟಿ ಸ್ಟೋವ್ ಬಾಗಿಲ ಕಾವಲಿಗೆ ನಿಂತಿದ್ದರಂತೆ. ಅದೇ ವರ್ಷ ಅಮೆರಿಕನ್ ಓಪನ್ ಸಮಾನ ಬಹುಮಾನ ಕೊಟ್ಟಿತು. ವಿಂಬಲ್ಡನ್ ಕೊಟ್ಟದ್ದು 2007ರಲ್ಲಿ. ಇವೆರಡರ ನಡುವೆ ಮೂವತ್ತನಾಲ್ಕು ವರ್ಷ. ಒಬ್ಬ ಅಧ್ಯಾಪಕನ ಇಡೀ ಸೇವಾವಧಿ. 2021ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಕೀರ್ತಿಮಂದಿರಕ್ಕೆ ಆ ಒಂಬತ್ತು ಮಂದಿಯನ್ನೂ ಒಂದೇ ಗುಂಪಾಗಿ ಸೇರಿಸಿಕೊಂಡರು. 2003ರಲ್ಲಿ ತೀರಿಕೊಂಡ ಗ್ಲ್ಯಾಡಿಸ್ ಅದನ್ನು ನೋಡಲಿಲ್ಲ.

ಸಿಗರೇಟಿನ ಹೆಸರು ಸ್ತ್ರೀಯರ ಟೆನಿಸಿನಿಂದ ಕಳಚಲು 1990ರ ದಶಕವೇ ಬರಬೇಕಾಯಿತು. ಹ್ಯೂಸ್ಟನ್ನಿನಲ್ಲಿ ಹೊರಟ ಬಂಡಿ ಮುಂದೆ ನಮ್ಮ ಬೆಂಗಳೂರಿಗೂ ಬಂತು. 2008ರಲ್ಲಿ ಸೆರೀನಾ ವಿಲಿಯಮ್ಸ್ ಇಲ್ಲಿಯ ಅಂತಿಮ ಪಂದ್ಯದಲ್ಲಿ ಸ್ವಿಟ್ಸರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನು 7–5, 6–3ರಿಂದ ಸೋಲಿಸಿದಾಗ, ಪಂದ್ಯಾವಳಿಯ ಹೆಸರಿನ ಮುಂದೆ ಇದ್ದುದು ಕೆನರಾ ಬ್ಯಾಂಕಿನ ಹೆಸರು.