ಬೀಡಿ ಬಿಟ್ಟವರ ಸಿಡುಕಿನ ಬೇರು

ಬೀಡಿ ಬಿಟ್ಟವರ ಮೊದಲ ವಾರ ಹೇಗಿರುತ್ತದೆಂದು ಮಾಧವರಂ, ಆದೋನಿ ಕಡೆಯ ಕನ್ನಡ ಮನೆಗಳಿಗೆ ಹೇಳಿಕೊಡಬೇಕಿಲ್ಲ. ಸಣ್ಣ ಮಾತಿಗೂ ಸಿಟ್ಟು, ನಿದ್ದೆಗೇಡು, ಕೂತಲ್ಲಿ ಕೂರಲಾಗದ ತಳಮಳ. ಮನಸ್ಸು ಗಟ್ಟಿಯಿಲ್ಲ ಎಂದು ಮನೆಯವರು ಬೈಯುತ್ತಾರೆ. ಆದರೆ ಆ ತಳಮಳ ಹುಟ್ಟುವ ಜಾಗವೊಂದು ಮಿದುಳಿನಲ್ಲಿದೆ. ಅದನ್ನು ಹುಡುಕಿ ತೆಗೆದ ವಿಜ್ಞಾನಿಗಳ ಕಸುಬು ಬಹಳ ನಾಜೂಕಿನದು.

ಮಿದುಳಿನ ಆಳದಲ್ಲಿ ಹೆಬೆನುಲಾ ಎಂಬ ಪುಟ್ಟ ನರಗುಚ್ಛವಿದೆ. ಅಲ್ಲಿಂದ ನರದೆಳೆಗಳ ಕಟ್ಟೊಂದು ಕೆಳಗಿಳಿದು ಇಂಟರ್‌ಪೆಡಂಕ್ಯುಲರ್ ನ್ಯೂಕ್ಲಿಯಸ್ ಎಂಬ ಇನ್ನೊಂದು ಗುಚ್ಛವನ್ನು ಸೇರುತ್ತದೆ. ಬೀಡಿಯಲ್ಲಿರುವ ನಿಕೋಟಿನ್ ಹಿಡಿಯುವ ಗ್ರಾಹಕಗಳು ಈ ದಾರಿಯಲ್ಲಿ ದಟ್ಟವಾಗಿವೆ. ನಿಕೋಟಿನ್ ಕೊಡುವ ಸುಖದ ಹಿಂದೆ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಇದೆಯೆಂದು ಮೊದಲೇ ತಿಳಿದಿತ್ತು. ಬಿಟ್ಟಾಗಿನ ಸಂಕಟ ಎಲ್ಲಿಂದ ಬರುತ್ತದೆ?

2009ರಲ್ಲಿ ವಿಜ್ಞಾನಿ ಮರಿಯೆಲ್ಲಾ ಡಿ ಬಿಯಾಸಿ ಅವರ ತಂಡ ಇಲಿಗಳಿಗೆ ಬಹುದಿನ ನಿಕೋಟಿನ್ ಕೊಟ್ಟು, ಬಳಿಕ ಅದರ ಗ್ರಾಹಕಗಳನ್ನು ಮುಚ್ಚುವ ಮೆಕಾಮಿಲಮೈನ್ ಔಷಧವನ್ನು ಮಿದುಳಿನ ಬೇರೆ ಬೇರೆ ಭಾಗಗಳಿಗೆ ಚೂರುಚೂರೇ ಬಿಟ್ಟು ನೋಡಿತು. ಕೆಟ್ಟ ಪಂಪ್‌ಸೆಟ್ಟಿನ ವೈರುಗಳನ್ನು ಒಂದೊಂದಾಗಿ ಪರೀಕ್ಷಿಸುವ ಮೆಕ್ಯಾನಿಕ್ಕಿನ ತಾಳ್ಮೆ ಅದು. ಹೆಬೆನುಲಾ ಮತ್ತು ಕೆಳಗಿನ ಗುಚ್ಛದಲ್ಲಿ ಬಿಟ್ಟಾಗ ಇಲಿಗಳು ಮೈ ಕೊಡವಿದವು, ಕೆರೆದುಕೊಂಡವು. ಡೋಪಮೈನಿನ ನೆಲೆಯಲ್ಲಿ ಬಿಟ್ಟಾಗ ಏನೂ ಆಗಲಿಲ್ಲ.

2013ರಲ್ಲಿ ಆಂಡ್ರ್ಯೂ ಟ್ಯಾಪರ್ ಅವರ ತಂಡ ಇನ್ನೂ ಮುಂದೆ ಹೋಯಿತು. ಬೆಳಕು ತಾಗಿದರೆ ಕೆರಳುವಂತೆ ಕೆಳಗಿನ ಗುಚ್ಛದಲ್ಲಿ ಗಾಬಾ ಎಂಬ ರಾಸಾಯನಿಕ ಸೂಸುವ ನರಕೋಶಗಳನ್ನು ಮೊದಲು ಮಾರ್ಪಡಿಸಿ, ಆಮೇಲೆ ಅಲ್ಲಿಗೆ ಬೆಳಕು ಹಾಯಿಸಿತು. ನಿಕೋಟಿನ್ನಿನ ರುಚಿಯೇ ಕಾಣದ ಇಲಿಗಳೂ ಚಟ ಬಿಟ್ಟಂತೆ ಚಡಪಡಿಸಿದವು! ಹೆಬೆನುಲಾದಿಂದ ಬರುವ ಸಂದೇಶ ತಡೆದಾಗ ಚಟದ ಇಲಿಗಳ ಸಂಕಟ ಇಳಿಯಿತು. ಒಂದು ಜಾಗ ಕೆರಳಿಸಿ ನೋವು ತರಿಸುವುದು, ಅದನ್ನೇ ತಣಿಸಿ ನೋವು ಇಳಿಸುವುದು: ಕಾರಣವನ್ನು ಸಾಬೀತುಪಡಿಸಲು ಇದಕ್ಕಿಂತ ಅಚ್ಚುಕಟ್ಟಾದ ದಾರಿಯನ್ನು ನಾನು ಕಂಡಿಲ್ಲ.

ಮನುಷ್ಯರ ಮಿದುಳಿನಲ್ಲೂ ಈ ದಾರಿ ಇದೆ. ಬಿಟ್ಟ ಮೊದಲ ಕೆಲವು ದಿನ ಸಂಕಟ ಏರುತ್ತದೆ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಅಷ್ಟು ದಿನ ದಾಟಲು ನೆರವೂ ಉಂಟು. 1800-11-2356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಸಲಹೆ ಸಿಗುತ್ತದೆ; ದಕ್ಷಿಣದ ಭಾಷೆಗಳ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರವಿದೆ. ಸಿಡುಕುತ್ತಿರುವುದು ಕೆರಳಿದ ನರಗುಚ್ಛ ಎಂದು ತಿಳಿದ ಮನೆಯವರು ಬೈಗುಳ ಬಿಟ್ಟು, ಆ ಕೆಲವು ವಾರ ಜೊತೆಗೆ ನಿಂತರೆ ಬೀಡಿ ಬಿಟ್ಟವರಿಗೆ ಅದೇ ದೊಡ್ಡ ಬಲ.