ಅಂಗಿಯ ಮೇಲೆ ಜಲವರ್ಣದ ನರ್ತಕಿ

ಕಾಗದದ ಮೇಲೆ ಮನಸೆಳೆದ ಜಲವರ್ಣ ಚಿತ್ರವು ಟೀ-ಶರ್ಟಿನ ಮೇಲೆ ಮಂಕಾಗಿ ಕಾಣುವುದು ಸಿದ್ಧ ಉಡುಪು ತಯಾರಕರಿಗೆ ಹೊಸ ಅನುಭವವೇನಲ್ಲ. ದೋಷವನ್ನು ಸಾಮಾನ್ಯವಾಗಿ ಮುದ್ರಕನ ಮೇಲೆ ಹೊರಿಸಲಾಗುತ್ತದೆ. ಆದರೆ ಎಷ್ಟೋ ವೇಳೆ ನಷ್ಟವು ಕಲಾವಿದನ ಮೇಜಿನ ಮೇಲೆಯೇ ನಿರ್ಧಾರವಾಗಿರುತ್ತದೆ. ಭರತನಾಟ್ಯ ನರ್ತಕಿಯ ಚಿತ್ರ ಇದಕ್ಕೆ ಉತ್ತಮ ನಿದರ್ಶನ.

ಮೊದಲು ರೇಖೆಯ ವಿಚಾರ. ಅರೆಮಂಡಿಯಲ್ಲಿ ಮಂಡಿಗಳು ಎರಡು ಬದಿಗೆ ಬಾಗಿ, ನಡುವಿನ ನೆರಿಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ದೂರದಿಂದಲೂ ಗುರುತು ಸಿಗುವ ಈ ಆಕಾರ ಅಂಗಿಗೆ ಚೆನ್ನಾಗಿ ಒಪ್ಪುತ್ತದೆ. ಎದೆಯ ಮೇಲಿನ ಮುದ್ರಣ 28 ಸೆಂ.ಮೀ. ಅಗಲವಿದ್ದರೆ, ಚಾಚಿದ ತೋಳಿನ ತುದಿಯ ಹಸ್ತ ಮೂರು ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಬೆರಳುಗಳ ನಡುವೆ ಸ್ಪಷ್ಟ ಅಂತರವಿಡಬೇಕು. ಇಲ್ಲವಾದರೆ ಅಲಪದ್ಮವು ಮುಷ್ಟಿಯಾಗಿ ಅಚ್ಚಾಗುತ್ತದೆ. ನೃತ್ಯ ಬಲ್ಲ ಗ್ರಾಹಕರು ಇದನ್ನು ಕ್ಷಮಿಸುವುದಿಲ್ಲ.

ಜಲವರ್ಣದ ಜೀವಾಳ ಪಾರದರ್ಶಕತೆ. ನೀರು ಹೆಚ್ಚಿದಷ್ಟೂ ಬಣ್ಣ ತಿಳಿಯಾಗುತ್ತದೆ. ಬರಿದಾಗಿ ಬಿಟ್ಟ ಕಾಗದವೇ ಬಿಳಿಯ ಕೆಲಸ ಮಾಡುತ್ತದೆ. ಸ್ಕ್ರೀನ್ ಮುದ್ರಣದ ಸ್ವಭಾವ ಇದಕ್ಕೆ ತೀರಾ ವಿರುದ್ಧವಾದುದು. ಶಾಯಿ ಬಟ್ಟೆಯ ಮೇಲೆ ಬೀಳುತ್ತದೆ ಅಥವಾ ಬೀಳುವುದಿಲ್ಲ, ನಡುವಿನ ಸ್ಥಿತಿಯಿಲ್ಲ. ತಿಳಿ ಬಣ್ಣವನ್ನು ಹಾಫ್‌ಟೋನ್ ಎಂಬ ಸಣ್ಣ ಚುಕ್ಕೆಗಳಿಂದ ತೋರಿಸಬೇಕಾಗುತ್ತದೆ. ಬಟ್ಟೆಗೆ ಇಂಚಿಗೆ 45ರಿಂದ 55 ಸಾಲು ಚುಕ್ಕೆಗಳನ್ನು ಬಳಸುವುದು ವಾಡಿಕೆ. ತೀರಾ ಸಣ್ಣ ಚುಕ್ಕೆಗಳು ಸ್ಕ್ರೀನಿನ ಜಾಲರಿಯಲ್ಲಿ ನಿಲ್ಲುವುದೇ ಇಲ್ಲ. ಹೀಗಾಗಿ ನೆರಿಗೆಯ ಅಂಚಿನಲ್ಲಿ ಹೊಗೆಯಂತೆ ಕರಗುವ ಸುಂದರ ಬಣ್ಣವು ಅಂಗಿಯ ಮೇಲೆ ಮಾಯವಾಗುತ್ತದೆ. ಅನುಭವಿ ಕಲಾವಿದರು ತಿಳಿ ಛಾಯೆಗಳನ್ನು ಒಂದು ಪಟ್ಟು ಗಾಢವಾಗಿಯೇ ಹಚ್ಚುತ್ತಾರೆ. ಪೂರ್ಣಗೊಂಡ ಚಿತ್ರವನ್ನು ಮುದ್ರಣದ ಅಳತೆಗೆ ಇಂಚಿಗೆ 300 ಬಿಂದುಗಳಂತೆ ಸ್ಕ್ಯಾನ್ ಮಾಡಿಸುವುದು ಕ್ಷೇಮ.

ಕಪ್ಪು ಅಂಗಿಯ ತೊಡಕು ಬೇರೆಯೇ. ಅಲ್ಲಿ ಬಣ್ಣಗಳ ಕೆಳಗೆ ಬಿಳಿ ಶಾಯಿಯ ತಳಪದರ ಬೇಕು. ಕಾಗದದ ಬಿಳಿಯಲ್ಲಿ ಯಾವುದು ಶಾಯಿ, ಯಾವುದು ಅಂಗಿಯ ಬಣ್ಣ ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ, ಎದೆಗೆ ಚೌಕಾಕಾರದ ಕಾಗದ ಅಂಟಿಸಿದಂತೆ ಕಾಣುತ್ತದೆ.

ಇನ್ನು ವೆಚ್ಚ. ಪ್ರತಿ ಬಣ್ಣಕ್ಕೂ ಪ್ರತ್ಯೇಕ ಸ್ಕ್ರೀನ್ ಬೇಕು. ಒಂದಕ್ಕೆ 500 ರೂ. ಎಂದಿಟ್ಟುಕೊಂಡರೆ, ಆರು ಸ್ಕ್ರೀನುಗಳ ವೆಚ್ಚ 30 ಅಂಗಿಗಳಿಗೆ ತಲಾ 100 ರೂ. ಬೀಳುತ್ತದೆ, 600 ಅಂಗಿಗಳಿಗಾದರೆ ತಲಾ 5 ರೂ. ಮಾತ್ರ. ಸಣ್ಣ ಬೇಡಿಕೆಗೆ ಸ್ಕ್ರೀನ್ ಬೇಡದ, ಹತ್ತಿ ಬಟ್ಟೆಯ ಮೇಲೆ ನೇರವಾಗಿ ಶಾಯಿ ಸಿಂಪಡಿಸುವ ಡಿಜಿಟಲ್ ಯಂತ್ರವೇ ಲಾಭಕರ. ತಿಳಿ ಬಣ್ಣದ ಪಾಲಿಯೆಸ್ಟರಿಗೆ ಸಬ್ಲಿಮೇಷನ್ ಪದ್ಧತಿಯಿದೆ.

ಹಲವರು ಕಡೆಗಣಿಸುವ ಸಂಗತಿ ಚಿತ್ರದ ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಹಣ ಕೊಟ್ಟು ಹೇಳಿ ಬರೆಯಿಸಿದ ವರ್ಣಚಿತ್ರದ ಪ್ರಥಮ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಯಿಸಿದವರಿಗೆ ಸೇರುತ್ತದೆ. ಆದರೆ ಮೊದಲೇ ಬರೆದಿದ್ದ ಚಿತ್ರವನ್ನು ಕೊಂಡ ಮಾತ್ರಕ್ಕೆ ಅದನ್ನು ಅಂಗಿಗೆ ಅಚ್ಚು ಹಾಕುವ ಹಕ್ಕು ಬರುವುದಿಲ್ಲ. ಆ ಸ್ವಾಮ್ಯವನ್ನು ಲಿಖಿತ ಪತ್ರದ ಮೂಲಕವೇ ವರ್ಗಾಯಿಸಿಕೊಳ್ಳಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು 19ನೇ ಕಲಮು ಹೇಳುತ್ತದೆ. ರಫ್ತಿನ ಉದ್ದೇಶವುಳ್ಳವರು ದೇಶಗಳ ಹೆಸರನ್ನು ಪತ್ರದಲ್ಲಿಯೇ ಬರೆಯಿಸಿಕೊಳ್ಳತಕ್ಕದ್ದು.